ಪರದೇಶದ ಗುಡ್ಡದ ಹಾದಿಗಳಲ್ಲಿ ಮೌಂಟನ್ ಬೈಕಿಂಗ್: ಸಮಗ್ರ ಮಾರ್ಗದರ್ಶಿ

ಮೌಂಟನ್ ಬೈಕಿಂಗ್‌ನಲ್ಲಿ ಅಂದರೆ ಗುಡ್ಡಗಾಡಿನ ಕಚ್ಚಾ ಹಾದಿಗಳಲ್ಲಿ ಸೈಕಲ್ ಓಡಿಸುವುದರಲ್ಲಿ ಚೆನ್ನಾಗಿ ಪಳಗಿದವರೂ ಬೇರೆ ದೇಶದ ಹಾದಿಗೆ ಇಳಿದ ಮೊದಲ ಒಂದೆರಡು ದಿನಗಳಲ್ಲೇ ಬಿದ್ದು ಪೆಟ್ಟು ಮಾಡಿಕೊಳ್ಳುವುದುಂಟು. ಅಲ್ಲಿ ಬ್ರೇಕ್ ಲಿವರ್‌ಗಳು ಕೈಗೆ ರೂಢಿಯಾದದ್ದಕ್ಕೆ ಅದಲುಬದಲಾಗಿರಬಹುದು, ಕಣ್ಣಿಗೆ ಪರಿಚಿತವಾದ ನೀಲಿ ಬಣ್ಣದ ಫಲಕಕ್ಕೆ ಬೇರೆಯದೇ ಅರ್ಥವಿರಬಹುದು, ಟಯರಿನ ಕೆಳಗಿನ ಮಣ್ಣು ಅನಿರೀಕ್ಷಿತವಾಗಿ ಜಾರಬಹುದು. ಗಾಯವಾದಾಗ ಯಾರಿಗೆ ಕರೆ ಮಾಡಬೇಕು, ಆ ನೆರವಿನ ವೆಚ್ಚವನ್ನು ಯಾರು ಭರಿಸುತ್ತಾರೆ ಎಂಬುದೂ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯ ಎಲ್ಲ ಹಂತಗಳ ಹಿಂದೆ ಒಂದೇ ನಿಯಮವಿದೆ: ಪರದೇಶದಲ್ಲಿ ನಿಮ್ಮ ಸಾಮರ್ಥ್ಯಕ್ಕಿಂತ ಒಂದು ದರ್ಜೆ ಕೆಳಗಿನ ಹಾದಿಯಿಂದ ಆರಂಭಿಸಿ, ಅಲ್ಲಿನ ನೆಲವನ್ನು ಅರಿತ ಮೇಲಷ್ಟೇ ಮೇಲಕ್ಕೇರಿ.

ಬೈಕ್ ಓಡಿಸಲು ಬರುವ, ಕಲ್ಲು ಮತ್ತು ಬೇರುಗಳಿರುವ ಹಾದಿಯಲ್ಲಿ ಸ್ವಲ್ಪವಾದರೂ ಅನುಭವವಿರುವ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಪೂರ್ತಿ ಹೊಸಬರು ಹೊರಡುವ ಮುನ್ನ ಕೆಲವು ತಿಂಗಳಾದರೂ ಕಚ್ಚಾ ಹಾದಿಯಲ್ಲಿ ಅಭ್ಯಾಸ ಮಾಡಬೇಕು. ಮೂಲ ಪಾಠಗಳನ್ನು ಕಲಿಯಲು ಪ್ರವಾಸ ತಕ್ಕ ಸಮಯವಲ್ಲ.

ಹಂತ 1: ಜಾಗವನ್ನೂ ಋತುವನ್ನೂ ಒಟ್ಟಿಗೆ ಆರಿಸಿಕೊಳ್ಳಿ

ರಜೆ ಸಿಕ್ಕ ತಿಂಗಳಿಗೆ ಇಷ್ಟದ ಜಾಗವನ್ನು ಹೊಂದಿಸುವ ಕ್ರಮ ಈ ಕ್ರೀಡೆಗೆ ಒಗ್ಗುವುದಿಲ್ಲ. ಕೆನಡಾದ ವಿಸ್ಲರ್ ಬೈಕ್ ಪಾರ್ಕ್ ಸಾಮಾನ್ಯವಾಗಿ ಮೇ ಮಧ್ಯದಿಂದ ಅಕ್ಟೋಬರ್‌ವರೆಗೆ ತೆರೆದಿರುತ್ತದೆ. ಆದರೂ ಅಲ್ಲಿನ ಅತಿ ಎತ್ತರದ ಹಾದಿಗಳಲ್ಲಿ ಹಿಮ ಕರಗುವುದು ಬೇಸಿಗೆ ಬಲಿತ ಮೇಲೆಯೇ. ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡ್ ಎರಡೂ ದೇಶಗಳಿಗೆ ಹಬ್ಬಿರುವ ಪೋರ್ಟ್ ದು ಸೊಲೇ ಪ್ರದೇಶದಲ್ಲಿ ಜನರನ್ನು ಬೆಟ್ಟಕ್ಕೇರಿಸುವ ತಂತಿಮಾರ್ಗದ ಲಿಫ್ಟ್‌ಗಳು ಮುಖ್ಯವಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೈಕ್ ಸವಾರರಿಗಾಗಿ ಓಡುತ್ತವೆ. ಅಮೆರಿಕದ ಯೂಟಾ ರಾಜ್ಯದ ಮೋಆಬ್ ಮರುಭೂಮಿ ಪ್ರದೇಶವಾದ್ದರಿಂದ ಅಲ್ಲಿಗೆ ವಸಂತ ಮತ್ತು ಶರತ್ಕಾಲಗಳೇ ಸೂಕ್ತ. ಬೇಸಿಗೆಯ ನಡುಹಗಲಿನಲ್ಲಿ ನೀರಿಲ್ಲದ ಬಂಡೆಗಳ ಮೇಲೆ ಸವಾರಿ ಮಾಡುವುದು ಪ್ರಾಣಾಪಾಯಕರ. ನ್ಯೂಜಿಲೆಂಡ್‌ನಲ್ಲಿ ಋತುಗಳು ತಿರುಗುಮುರುಗಾಗಿದ್ದು, ಅಲ್ಲಿನ ಬೇಸಿಗೆ ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಇರುತ್ತದೆ. ನೇಪಾಳಕ್ಕೆ ಮಳೆಗಾಲ ಮುಗಿದ ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳು ಉತ್ತಮ. ಇಟಲಿಯ ಕಡಲ ತೀರದ ಫಿನಾಲೆ ಲಿಗುರೆಯಲ್ಲಿ ಆಲ್ಪ್ಸ್ ಪರ್ವತಗಳು ಹಿಮದಡಿ ಮುಚ್ಚಿರುವಾಗಲೂ ಸವಾರಿ ಸಾಧ್ಯ.

ಋತುವಿನಷ್ಟೇ ಮುಖ್ಯವಾದದ್ದು ಸವಾರಿಯ ಬಗೆ. ಲಿಫ್ಟ್‌ನಲ್ಲಿ ಮೇಲೇರಿ ಬೈಕ್‌ನಲ್ಲಿ ಇಳಿಯುವ ಬೈಕ್ ಪಾರ್ಕ್‌ಗಳಲ್ಲಿ ಹಾದಿಗಳನ್ನು ಸಿಬ್ಬಂದಿ ನೋಡಿಕೊಳ್ಳುತ್ತಾರೆ, ಪ್ರಥಮ ಚಿಕಿತ್ಸಾ ತಂಡ ಹತ್ತಿರದಲ್ಲೇ ಇರುತ್ತದೆ. ನ್ಯೂಜಿಲೆಂಡ್‌ನ ರೊಟೊರುವಾ ಬಳಿಯ ವಾಕರೆವಾರೆವಾ ಅರಣ್ಯ ಅಥವಾ ಸ್ಕಾಟ್ಲೆಂಡ್‌ನ ಗ್ಲೆಂಟ್ರೆಸ್‌ನಂತಹ ಟ್ರೇಲ್ ಕೇಂದ್ರಗಳಲ್ಲಿ ಫಲಕಗಳಿರುವ, ಸುತ್ತಿ ಬಂದು ಹೊರಟ ಜಾಗಕ್ಕೇ ಸೇರುವ ಹಾದಿಗಳಿರುತ್ತವೆ. ಮೂರನೆಯದು ಜನವಸತಿಯಿಂದ ದೂರದ ಬೆಟ್ಟದ ದಾರಿಗಳು. ಅಲ್ಲಿ ದಾರಿ ಹುಡುಕುವುದು, ಹವಾಮಾನ, ದುರಸ್ತಿ, ರಕ್ಷಣೆ ಎಲ್ಲವೂ ನಿಮ್ಮದೇ ಹೊಣೆ. ಒಂದು ದೇಶಕ್ಕೆ ಮೊದಲ ಬಾರಿ ಹೋಗುವವರು ಮೊದಲ ಎರಡು ಬಗೆಗಳಲ್ಲೇ ಆರಂಭಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಮೂರನೆಯದಕ್ಕೆ ಸ್ಥಳೀಯ ಮಾರ್ಗದರ್ಶಕರೊಬ್ಬರನ್ನು ಗೊತ್ತುಮಾಡಿಕೊಳ್ಳುವುದು ಸಾರ್ಥಕ ಖರ್ಚು.

ಹಂತ 2: ಹಾದಿಯ ದರ್ಜೆಯನ್ನು ಸರಿಯಾಗಿ ಓದಿ

ಜಗತ್ತಿಗೆಲ್ಲ ಅನ್ವಯಿಸುವ ಏಕರೂಪದ ದರ್ಜೆ ಪದ್ಧತಿ ಇಲ್ಲ. ಉತ್ತರ ಅಮೆರಿಕದಲ್ಲಿ ಹಸಿರು ವೃತ್ತ ಸುಲಭ ಹಾದಿಯನ್ನೂ, ನೀಲಿ ಚೌಕ ಮಧ್ಯಮ ಹಾದಿಯನ್ನೂ, ಕಪ್ಪು ವಜ್ರಾಕೃತಿ ಕಷ್ಟದ ಹಾದಿಯನ್ನೂ ಸೂಚಿಸುತ್ತವೆ. ಅದರ ಮೇಲೆ ಜೋಡಿ ಕಪ್ಪು ವಜ್ರವಿದೆ. ಬ್ರಿಟನ್ ಮತ್ತು ಫ್ರಾನ್ಸ್‌ಗಳಲ್ಲಿ ಹಸಿರು, ನೀಲಿ, ಕೆಂಪು, ಕಪ್ಪು ಎಂಬ ಕ್ರಮವಿದ್ದು, ನೀಲಿ ಮತ್ತು ಕಪ್ಪಿನ ನಡುವೆ ಕೆಂಪು ಎಂಬ ಮೆಟ್ಟಿಲಿದೆ. ಉತ್ತರ ಅಮೆರಿಕದಲ್ಲಿ ಆ ನಡುಮೆಟ್ಟಿಲು ಇಲ್ಲದಿರುವುದರಿಂದ, ಯುರೋಪಿನಲ್ಲಿ ನೀಲಿ ಹಾದಿಯಲ್ಲಿ ಆರಾಮವಾಗಿದ್ದವರು ಅಲ್ಲಿ ಮುಂದಿನ ದರ್ಜೆಗೆ ಹೋದರೆ ನೇರವಾಗಿ ಕಪ್ಪು ಹಾದಿಗೇ ಬೀಳುತ್ತಾರೆ. ನ್ಯೂಜಿಲೆಂಡ್‌ನಲ್ಲಿ 1ರಿಂದ 6ರವರೆಗಿನ ಸಂಖ್ಯೆಗಳು ಬಳಕೆಯಲ್ಲಿದ್ದು, 3 ಎಂದರೆ ಮಧ್ಯಮ, 5 ಎಂದರೆ ಪರಿಣತರಿಗೆ ಮೀಸಲು.

ಜರ್ಮನ್ ಮಾತನಾಡುವ ಪ್ರದೇಶಗಳಲ್ಲಿ ಎಸ್ 0ರಿಂದ ಎಸ್ 5ರವರೆಗಿನ ಸಿಂಗಲ್‌ಟ್ರೇಲ್ ಮಾಪಕ ಪ್ರಚಲಿತವಾಗಿದೆ. ಎಸ್ 0 ಎಂದರೆ ವಿಶೇಷ ಅಡಚಣೆಗಳಿಲ್ಲದ ಹಾದಿ; ಎಸ್ 1ರಲ್ಲಿ ಸಣ್ಣ ಬೇರು ಮತ್ತು ಕಲ್ಲುಗಳು, ಎಸ್ 2ರಲ್ಲಿ ದೊಡ್ಡ ಬೇರುಗಳು ಮತ್ತು ಮೆಟ್ಟಿಲುಗಳು ಎದುರಾಗುತ್ತವೆ; ಎಸ್ 3ರಿಂದ ಮೇಲೆ ಬಂಡೆಗಳು ಮತ್ತು ಇಕ್ಕಟ್ಟಿನ ಹಿಂತಿರುವುಗಳು ಮುಗಿಯುವುದೇ ಇಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ನಕ್ಷೆಗಳಲ್ಲಿ ಹಾದಿಗಳ ಕಷ್ಟವನ್ನು ದಾಖಲಿಸುವ ಗುರುತುಗಳೂ ಇದೇ ಮಾಪಕವನ್ನು ಆಧರಿಸಿವೆ.

ದರ್ಜೆ ಹೇಳದೇ ಬಿಡುವ ಎರಡು ಸಂಗತಿಗಳನ್ನು ನೀವೇ ಕೇಳಿ ತಿಳಿಯಬೇಕು. ಮೊದಲನೆಯದು, ಹಾದಿಯಿಂದ ಜಾರಿದರೆ ಎಲ್ಲಿಗೆ ಬೀಳುತ್ತೇವೆ ಎಂಬುದು. ತಾಂತ್ರಿಕವಾಗಿ ಸುಲಭವಾದ ಹಾದಿಯ ಒಂದು ಪಕ್ಕದಲ್ಲಿ ಆಳವಾದ ಕಮರಿ ಇರಬಹುದು. ಎರಡನೆಯದು ತೇವ. ದರ್ಜೆಯನ್ನು ಸಾಮಾನ್ಯವಾಗಿ ಒಳ್ಳೆಯ ಸ್ಥಿತಿಯಲ್ಲಿರುವ ಹಾದಿಯನ್ನು ಗಮನಿಸಿ ನಿಗದಿಪಡಿಸಿರುತ್ತಾರೆ; ಮಳೆ ಬಂದ ಮೇಲೆ ಅದೇ ಹಾದಿಯನ್ನು ಒಂದು ದರ್ಜೆ ಹೆಚ್ಚು ಕಷ್ಟದ್ದೆಂದು ಭಾವಿಸಿಕೊಳ್ಳಿ.

ಹಂತ 3: ಬೈಕ್‌ಗೆ ಅನುಮತಿ ಇದೆಯೇ ಎಂದು ಖಚಿತಪಡಿಸಿಕೊಳ್ಳಿ

ನಕ್ಷೆಯಲ್ಲಿ ದಾರಿ ಕಾಣಿಸಿತೆಂದರೆ ಅದರಲ್ಲಿ ಬೈಕ್ ಓಡಿಸಬಹುದೆಂದು ಅರ್ಥವಲ್ಲ. ಸ್ಕಾಟ್ಲೆಂಡ್‌ನಲ್ಲಿ 2003ರ ಭೂಸುಧಾರಣಾ ಕಾಯಿದೆಯ ಪ್ರಕಾರ, ಜವಾಬ್ದಾರಿಯಿಂದ ವರ್ತಿಸುವ ಸೈಕಲ್ ಸವಾರರಿಗೆ ಬಹುಪಾಲು ಬಯಲು ಮತ್ತು ಬೆಟ್ಟಗಳಿಗೆ ಪ್ರವೇಶದ ಹಕ್ಕಿದೆ. ಗಡಿ ದಾಟಿ ಇಂಗ್ಲೆಂಡ್‌ಗೆ ಬಂದೊಡನೆ ನಿಯಮ ಬದಲಾಗುತ್ತದೆ. ಅಲ್ಲಿ ಮತ್ತು ವೇಲ್ಸ್‌ನಲ್ಲಿ 1968ರ ಕಾಯಿದೆಯೊಂದು ಕುದುರೆ ಸವಾರರ ಬ್ರೈಡಲ್‌ವೇ ದಾರಿಗಳಲ್ಲಿ ಸೈಕಲ್‌ಗೆ ಅವಕಾಶ ಕೊಟ್ಟಿದೆ. ಆದರೆ ಅಲ್ಲಿ ಪಾದಚಾರಿಗಳಿಗೂ ಕುದುರೆ ಸವಾರರಿಗೂ ದಾರಿ ಬಿಡಲೇಬೇಕು, ಮತ್ತು ಕೇವಲ ಕಾಲುದಾರಿ ಎಂದು ಗುರುತಿಸಿದ ಹಾದಿಗಳಲ್ಲಿ ಸೈಕಲ್ ಸವಾರಿಗೆ ಅಂತಹ ಹಕ್ಕಿಲ್ಲ. ಆಸ್ಟ್ರಿಯಾದ 1975ರ ಅರಣ್ಯ ಕಾಯಿದೆ ವಿಹಾರಕ್ಕೆಂದು ಕಾಡಿನಲ್ಲಿ ನಡೆದಾಡುವ ಹಕ್ಕನ್ನು ಎಲ್ಲರಿಗೂ ನೀಡುತ್ತದೆಯಾದರೂ ಸೈಕಲ್ ಸವಾರಿಗೆ ಮಾಲೀಕರ ಒಪ್ಪಿಗೆ ಬೇಕು. ಆದ್ದರಿಂದ ಅಲ್ಲಿ ಅಧಿಕೃತವಾಗಿ ತೆರೆದ ಮಾರ್ಗಗಳನ್ನು ಬಿಟ್ಟು ಹೋಗಬಾರದು. ಜರ್ಮನಿಯ ಬಾಡೆನ್-ವುರ್ಟೆಂಬರ್ಗ್ ರಾಜ್ಯದ ಕಾಡುಗಳಲ್ಲಿ 2 ಮೀಟರ್‌ಗಿಂತ ಕಿರಿದಾದ ದಾರಿಗಳಲ್ಲಿ, ವಿಶೇಷ ವಿನಾಯಿತಿ ಇದ್ದ ಹೊರತು, ಸೈಕಲ್ ಓಡಿಸುವಂತಿಲ್ಲ. ಅಮೆರಿಕದಲ್ಲಿ 1964ರ ಕಾಯಿದೆಯಡಿ ವನ್ಯಪ್ರದೇಶವೆಂದು ಘೋಷಿಸಲಾದ ಸರ್ಕಾರಿ ಭೂಮಿಯಲ್ಲಿ ಸೈಕಲ್‌ಗೆ ಸಂಪೂರ್ಣ ನಿಷೇಧವಿದೆ. ನೇಪಾಳದ ಅನ್ನಪೂರ್ಣ ಸಂರಕ್ಷಣಾ ಪ್ರದೇಶಕ್ಕೆ ಪರವಾನಗಿ ಬೇಕು. ಅದೇ ದೇಶದ ಅಪ್ಪರ್ ಮುಸ್ತಾಂಗ್‌ಗೆ ಪ್ರತ್ಯೇಕವಾದ, ಹೆಚ್ಚು ದುಬಾರಿಯಾದ ಪರವಾನಗಿ ಪಡೆಯಬೇಕು.

ಟ್ರೇಲ್‌ಫೋರ್ಕ್ಸ್, ಕೊಮೂಟ್ ಮುಂತಾದ ಆ್ಯಪ್‌ಗಳು ಹಾದಿ ಹುಡುಕಲು ಬಹಳ ಉಪಯುಕ್ತ. ಆದರೆ ಇತರ ಸವಾರರು ಹೋಗಿಬಂದ ಜಾಡು ಕಾನೂನಿನ ಅನುಮತಿಗೆ ಸಾಕ್ಷಿಯಾಗದು. ಅರಣ್ಯ ಇಲಾಖೆಯ ಜಾಲತಾಣ, ಊರಿನ ಬೈಕ್ ಅಂಗಡಿ, ಹಾದಿಯ ತುದಿಯ ಫಲಕ ಇವು ಮೂರನ್ನೂ ನೋಡಿ. ಬೇಟೆಯ ಋತು, ಮರ ಕಡಿಯುವ ಕೆಲಸ, ಹಕ್ಕಿಗಳು ಗೂಡುಕಟ್ಟುವ ಕಾಲ ಮುಂತಾದ ಕಾರಣಗಳಿಂದ ಹಾದಿಯನ್ನು ತಾತ್ಕಾಲಿಕವಾಗಿ ಮುಚ್ಚಿದ್ದರೆ ಅದು ತಿಳಿಯುವುದು ಇಲ್ಲಿಯೇ. ನಕ್ಷೆಗಳನ್ನು ಹೊರಡುವ ಹಿಂದಿನ ದಿನವೇ ಫೋನ್‌ಗೆ ಇಳಿಸಿಕೊಂಡಿರಬೇಕು, ಏಕೆಂದರೆ ಕಣಿವೆಗಳಲ್ಲಿ ಸಿಗ್ನಲ್ ಸಿಗುವ ಭರವಸೆಯಿಲ್ಲ.

ವಿದ್ಯುತ್ ಚಾಲಿತ ಮೌಂಟನ್ ಬೈಕ್ ಬಳಸುವವರು ಪ್ರತ್ಯೇಕವಾಗಿ ವಿಚಾರಿಸಬೇಕು. ಯುರೋಪಿಯನ್ ಒಕ್ಕೂಟದಲ್ಲಿ 250 ವ್ಯಾಟ್ ಮೋಟರಿನ, ಗಂಟೆಗೆ 25 ಕಿಲೋಮೀಟರ್‌ವರೆಗೆ ಮಾತ್ರ ನೆರವಾಗುವ ಬೈಕನ್ನು ಸಾಮಾನ್ಯ ಸೈಕಲ್ ಎಂದೇ ಪರಿಗಣಿಸಲಾಗುತ್ತದೆ. ಅಮೆರಿಕದಲ್ಲಾದರೋ ಮೋಟರ್ ರಹಿತ ವಾಹನಗಳಿಗೆ ಮೀಸಲಾದ ಅನೇಕ ಹಾದಿಗಳಲ್ಲಿ ಅದೇ ಬೈಕ್‌ಗೆ ಪ್ರವೇಶವಿಲ್ಲ.

ಹಂತ 4: ಸ್ವಂತ ಬೈಕ್ ಒಯ್ಯುವುದೋ, ಬಾಡಿಗೆಗೆ ಪಡೆಯುವುದೋ ನಿರ್ಧರಿಸಿ

ಒಂದು ವಾರಕ್ಕಿಂತ ಕಡಿಮೆ ಅವಧಿಯ, ಒಂದೇ ಊರಿನಲ್ಲಿ ತಂಗುವ ಪ್ರವಾಸವಾದರೆ ಬಾಡಿಗೆಯೇ ಮೇಲು. ಆ ಊರಿನ ನೆಲಕ್ಕೆ ತಕ್ಕ ಬೈಕ್ ಸಿಗುತ್ತದೆ, ಕೆಟ್ಟರೆ ಅಂಗಡಿಯವರೇ ಸರಿಪಡಿಸಿಕೊಡುತ್ತಾರೆ. ಹಲವು ದಿನಗಳ ದೂರದ ಸವಾರಿಗಾದರೆ, ದೇಹಕ್ಕೆ ಒಗ್ಗಿದ ಸ್ವಂತ ಬೈಕ್ ಬೇಕೆನಿಸುತ್ತದೆ. ಅಂಗಡಿಗಳು ವಿರಳವಾಗಿರುವ ದೇಶಗಳಿಗೂ ಸ್ವಂತ ಬೈಕೇ ಸರಿ.

ಒಯ್ಯುವುದಾದರೆ ಟಿಕೆಟ್ ಕೊಳ್ಳುವ ಮೊದಲೇ ವಿಮಾನ ಸಂಸ್ಥೆಯ ಕ್ರೀಡಾ ಸಾಮಗ್ರಿ ನಿಯಮಗಳನ್ನೂ ಪೆಟ್ಟಿಗೆಯ ಗರಿಷ್ಠ ಅಳತೆ ಮತ್ತು ತೂಕವನ್ನೂ ಓದಿ, ಬೈಕ್‌ಗೆ ಮುಂಗಡ ಕಾಯ್ದಿರಿಸಿ. ಬಳಿಕ ಈ ಕ್ರಮದಲ್ಲಿ ಬಿಚ್ಚಿ ಜೋಡಿಸಿ. ಎರಡೂ ಪೆಡಲ್‌ಗಳನ್ನು ತೆಗೆಯಿರಿ; ಎಡಗಡೆಯ ಪೆಡಲಿನ ತಿರುಪಿನ ಸುತ್ತು ತಿರುಗುಮುರುಗಾಗಿರುವುದರಿಂದ ಅದನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ. ಚಕ್ರಗಳನ್ನು ಕಳಚಿದ ಮೇಲೆ ಬ್ರೇಕ್ ಡಿಸ್ಕ್‌ಗಳನ್ನೂ ಬಿಚ್ಚಿ ಬೇರೆಯಾಗಿ ಸುತ್ತಿಡಿ, ಏಕೆಂದರೆ ಸಾಗಣೆಯಲ್ಲಿ ಬಹಳ ಸುಲಭವಾಗಿ ಬಾಗುವ ಭಾಗ ಅದೇ. ಬ್ರೇಕ್ ಪ್ಯಾಡ್‌ಗಳ ನಡುವೆ ಪ್ಲಾಸ್ಟಿಕ್ ತುಂಡೊಂದನ್ನು ಸಿಕ್ಕಿಸಿಟ್ಟರೆ, ಲಿವರ್ ಅಕಸ್ಮಾತ್ ಒತ್ತಿದರೂ ಪಿಸ್ಟನ್‌ಗಳು ಹೊರಗೆ ಬರುವುದಿಲ್ಲ. ಹಿಂದಿನ ಚಕ್ರದ ಗೇರ್ ಬದಲಿಸುವ ಡಿರೇಲರನ್ನು ಚೌಕಟ್ಟಿನಿಂದ ಕಳಚಿ, ಬಟ್ಟೆಯಲ್ಲಿ ಸುತ್ತಿ ಚೌಕಟ್ಟಿನ ಒಳಬದಿಗೆ ಕಟ್ಟಿ. ಮುಂದಿನ ಫೋರ್ಕ್‌ನ ಎರಡು ಕಾಲುಗಳ ನಡುವೆ ಗಟ್ಟಿಯಾದ ಆಧಾರವೊಂದನ್ನು ಕೂರಿಸಿ. ಟಯರಿನ ಗಾಳಿಯನ್ನು ಅರ್ಧದಷ್ಟು ಇಳಿಸಿದರೆ ಸಾಕು. ಪೂರ್ತಿ ಇಳಿಸಿದರೆ ಟ್ಯೂಬ್‌ಲೆಸ್ ಟಯರ್ ರಿಮ್ಮಿನಿಂದ ಬಿಟ್ಟುಕೊಂಡು ಒಳಗಿನ, ತೂತು ಮುಚ್ಚುವ ಸೀಲೆಂಟ್ ದ್ರವ ಸೋರೀತು. ಹ್ಯಾಂಡಲ್‌ಬಾರ್ ಮತ್ತು ಸೀಟಿನ ಕಂಬದ ಸ್ಥಾನವನ್ನು ಟೇಪಿನಿಂದ ಗುರುತು ಮಾಡಿಟ್ಟುಕೊಂಡರೆ ಅಲ್ಲಿ ಜೋಡಿಸುವಾಗ ಸಮಯ ಉಳಿಯುತ್ತದೆ. ವಿದ್ಯುತ್ ಬೈಕ್‌ನ ಬ್ಯಾಟರಿಯನ್ನು ಒಯ್ಯುವಂತೆಯೇ ಇಲ್ಲ: ಪ್ರಯಾಣಿಕರ ವಿಮಾನಗಳಲ್ಲಿ ಲಿಥಿಯಂ ಬ್ಯಾಟರಿಗೆ 160 ವ್ಯಾಟ್-ಗಂಟೆಯ ಮಿತಿಯಿದ್ದು, ಈ ಬೈಕ್‌ಗಳ ಬ್ಯಾಟರಿಗಳು ಅದನ್ನು ಎಷ್ಟೋ ಪಾಲು ಮೀರುತ್ತವೆ. ಗಾಳಿ ತುಂಬುವ ಅನಿಲದ ಪುಟ್ಟ ಸಿಲಿಂಡರ್‌ಗಳಿಗೂ ನಿರ್ಬಂಧಗಳಿರುವುದರಿಂದ ಕೈಪಂಪನ್ನೇ ಇಟ್ಟುಕೊಳ್ಳಿ.

ಬಾಡಿಗೆಗೆ ಪಡೆಯುವವರು ತಮ್ಮ ಎತ್ತರ, ತೂಕ, ಸವಾರಿ ಮಾಡಲಿರುವ ಹಾದಿಗಳ ಹೆಸರು ಇವನ್ನು ಮುಂಚೆಯೇ ಅಂಗಡಿಗೆ ತಿಳಿಸಬೇಕು. ಏರು ಮತ್ತು ಇಳಿಜಾರು ಎರಡೂ ಇರುವ ಟ್ರೇಲ್ ಸವಾರಿಗೆ 120ರಿಂದ 140 ಮಿಲಿಮೀಟರ್ ಕುಗ್ಗುವ ಸಸ್ಪೆನ್ಷನ್ ಇರುವ ಬೈಕ್ ಸಾಕು. ಆಲ್ಪ್ಸ್‌ನಂತಹ ಕಡೆ ಉದ್ದನೆಯ ಒರಟು ಇಳಿಜಾರುಗಳಿಗೆ 150ರಿಂದ 170, ಲಿಫ್ಟ್ ಇರುವ ಪಾರ್ಕಿನ ಕಠಿಣ ಹಾದಿಗಳಿಗೆ 200 ಮಿಲಿಮೀಟರ್‌ವರೆಗಿನ ಡೌನ್‌ಹಿಲ್ ಬೈಕ್ ಬೇಕಾಗುತ್ತದೆ. ಒಪ್ಪಂದ ಪತ್ರಕ್ಕೆ ಸಹಿ ಹಾಕುವ ಮೊದಲು, ಬೈಕ್ ಮುರಿದರೆ ಅಥವಾ ಕಳವಾದರೆ ನೀವು ತೆರಬೇಕಾದ ಗರಿಷ್ಠ ಮೊತ್ತ ಎಷ್ಟೆಂದು ಕೇಳಿ. ಬೈಕಿನ ಮೇಲೆ ಈಗಾಗಲೇ ಇರುವ ಗೀರುಗಳ ಫೋಟೊ ತೆಗೆದಿಟ್ಟುಕೊಳ್ಳಿ.

ಅಂಗಡಿಯ ಅಂಗಳದಲ್ಲೇ ಕಾಲು ಗಂಟೆ ಕಳೆಯಿರಿ. ಮೊಟ್ಟಮೊದಲು ನೋಡಬೇಕಾದದ್ದು ಬ್ರೇಕ್. ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಜಪಾನ್‌ಗಳಲ್ಲಿ ಮುಂದಿನ ಚಕ್ರದ ಬ್ರೇಕ್ ಸಾಮಾನ್ಯವಾಗಿ ಬಲಗೈಯಲ್ಲಿರುತ್ತದೆ. ಅಮೆರಿಕ, ಕೆನಡಾ ಮತ್ತು ಯುರೋಪಿನ ಮುಖ್ಯ ಭೂಭಾಗದಲ್ಲಿ ಎಡಗೈಯಲ್ಲಿರುತ್ತದೆ. ಕಡಿದಾದ ಇಳಿಜಾರಿನಲ್ಲಿ ಹಿಂದಿನ ಬ್ರೇಕ್ ಎಂದುಕೊಂಡು ಮುಂದಿನದನ್ನು ಬಿಗಿಯಾಗಿ ಹಿಡಿದವರು ಹ್ಯಾಂಡಲ್ ಮೇಲಿಂದ ಎಗರಿ ಬೀಳುತ್ತಾರೆ. ಲಿವರ್‌ಗಳನ್ನು ಅದಲುಬದಲು ಮಾಡಿಕೊಡಲು ಕೇಳಿಕೊಂಡರೆ ಅನೇಕ ಅಂಗಡಿಗಳವರು ಮಾಡಿಕೊಡುತ್ತಾರೆ. ಸಂಕೋಚಪಡದೆ ಕೇಳಿ. ಆಮೇಲೆ ಸಸ್ಪೆನ್ಷನ್ ಸರಿಪಡಿಸಿಕೊಳ್ಳಿ: ನೀರಿನ ಚೀಲ ಸಮೇತ ಬೈಕ್ ಮೇಲೆ ನಿಂತಾಗ ಹಿಂದಿನ ಶಾಕ್ ತನ್ನ ಒಟ್ಟು ಚಲನೆಯ ಶೇಕಡಾ 25ರಿಂದ 30ರಷ್ಟು ಕುಗ್ಗಬೇಕು. ಟ್ಯೂಬ್‌ಲೆಸ್ ಟಯರಿನ ಒತ್ತಡ ಸವಾರರ ತೂಕಕ್ಕೆ ಅನುಗುಣವಾಗಿ 20ರಿಂದ 28 ಪಿಎಸ್‌ಐ ಒಳಗೆ, ಹಿಂದಿನ ಚಕ್ರದಲ್ಲಿ ಮುಂದಿನದಕ್ಕಿಂತ ಸ್ವಲ್ಪ ಹೆಚ್ಚು ಇರಲಿ. ಬ್ರೇಕ್ ಪ್ಯಾಡ್ ಎಷ್ಟು ಉಳಿದಿದೆ ಎಂದು ಇಣುಕಿ ನೋಡಿ. ಸಾವಿರ ಮೀಟರ್ ಇಳಿಯುವ ಹಾದಿಯೊಂದು ಸವೆದ ಪ್ಯಾಡನ್ನು ಒಂದೇ ದಿನದಲ್ಲಿ ಮುಗಿಸಿಬಿಡಬಲ್ಲದು.

ಹಂತ 5: ಜೊತೆಗೆ ಒಯ್ಯಬೇಕಾದವು

ಬೈಕ್ ಬಾಡಿಗೆಯದಾದರೂ ಹೆಲ್ಮೆಟ್, ಮೊಣಕಾಲಿನ ಪ್ಯಾಡ್, ಕೈಗವಸು, ಕನ್ನಡಕ, ಶೂ ಮತ್ತು ಪೆಡಲ್‌ಗಳು ನಿಮ್ಮವೇ ಆಗಿರಲಿ. ಇವು ಮೈಗೆ ಸರಿಹೊಂದದಿದ್ದರೆ ಸವಾರಿಯಲ್ಲಿ ನೆಮ್ಮದಿಯಿರುವುದಿಲ್ಲ. ಬೈಕ್ ಪಾರ್ಕ್‌ಗಳಿಗೆ ಮುಖ ಮುಚ್ಚುವ ಹೆಲ್ಮೆಟ್ ಅಗತ್ಯ. ಅದನ್ನು ಅಲ್ಲಿಯೇ ಬಾಡಿಗೆಗೆ ಪಡೆಯಬಹುದು.

ದುರಸ್ತಿಗೆ ಬಹುಪಯೋಗಿ ಟೂಲ್, ಟ್ಯೂಬ್‌ಲೆಸ್ ಟಯರಿನ ತೂತು ಮುಚ್ಚುವ ಪ್ಲಗ್‌ಗಳು, ಒಂದು ಟ್ಯೂಬ್, ಟಯರ್ ಲಿವರ್, ಕೈಪಂಪು, ನಿಮ್ಮ ಚೈನಿಗೆ ಹೊಂದುವ ಜೋಡಣೆ ಕೊಂಡಿ, ಪ್ಲಾಸ್ಟಿಕ್ ಪಟ್ಟಿಗಳು ಮತ್ತು ಅಂಟುಟೇಪು ಸಾಕು. ಸ್ವಂತ ಬೈಕ್ ಒಯ್ಯುವವರು ಒಂದು ಜೊತೆ ಬ್ರೇಕ್ ಪ್ಯಾಡ್ ಮತ್ತು ಡಿರೇಲರನ್ನು ಚೌಕಟ್ಟಿಗೆ ಕೂಡಿಸುವ ಹ್ಯಾಂಗರ್ ಎಂಬ ಪುಟ್ಟ ಲೋಹದ ತುಂಡನ್ನು ಮರೆಯದೇ ಇಟ್ಟುಕೊಳ್ಳಬೇಕು. ಈ ಹ್ಯಾಂಗರ್ ಬೈಕಿನ ಮಾದರಿಯಿಂದ ಮಾದರಿಗೆ ಬೇರೆಯಾಗಿರುವುದರಿಂದ ಪರದೇಶದ ಅಂಗಡಿಯಲ್ಲಿ ನಿಮ್ಮದಕ್ಕೆ ಹೊಂದುವುದು ಸಿಗದಿರಬಹುದು; ಅದೊಂದು ಮುರಿದರೆ ಇಡೀ ಪ್ರವಾಸವೇ ನಿಂತುಹೋದೀತು.

ಪ್ರಥಮ ಚಿಕಿತ್ಸೆಗೆ ಒತ್ತುಪಟ್ಟಿ, ತ್ರಿಕೋನ ಬಟ್ಟೆ, ಗಾಯ ತೊಳೆಯುವ ದ್ರಾವಣ, ಬೆಚ್ಚಗಿಡುವ ಲೋಹಲೇಪಿತ ಹೊದಿಕೆ, ಸೀಟಿ ಇರಲಿ. ಉಪಗ್ರಹ ಸಂದೇಶ ಸಾಧನ ದೂರದ ಬೆಟ್ಟಗಳಲ್ಲಿ ಬಹಳ ನೆರವಾಗುತ್ತದೆ. ಆದರೆ ಭಾರತವೂ ಸೇರಿದಂತೆ ಕೆಲವು ದೇಶಗಳಲ್ಲಿ ಅನುಮತಿಯಿಲ್ಲದೆ ಅದನ್ನು ಹೊಂದಿರುವುದೇ ಅಪರಾಧವಾಗುವುದರಿಂದ, ಪ್ರಯಾಣದಲ್ಲಿ ಹಾದುಹೋಗುವ ಎಲ್ಲ ದೇಶಗಳ ನಿಯಮವನ್ನೂ ನೋಡಿಕೊಳ್ಳಿ.

ಹಂತ 6: ವಿಮೆ ಮತ್ತು ಎತ್ತರಕ್ಕೆ ದೇಹದ ಹೊಂದಾಣಿಕೆ

ಸಾಮಾನ್ಯ ಪ್ರವಾಸ ವಿಮೆಯಲ್ಲಿ ಸೈಕಲ್ ಸವಾರಿ ಎಂದಿದ್ದರೂ ಕಚ್ಚಾ ಹಾದಿ, ಡೌನ್‌ಹಿಲ್, ಸ್ಪರ್ಧೆ ಇವುಗಳನ್ನು ಹೊರಗಿಟ್ಟಿರುವುದು ಸಾಮಾನ್ಯ. ಪಾಲಿಸಿಯ ವಿನಾಯಿತಿಗಳ ಭಾಗವನ್ನು ಅಕ್ಷರಶಃ ಓದಿ, ಮೌಂಟನ್ ಬೈಕಿಂಗ್‌ಗೆ ರಕ್ಷಣೆ ಇದೆಯೆಂದು ಬರಹದಲ್ಲಿ ಉತ್ತರ ಪಡೆಯಿರಿ. ಹೆಲಿಕಾಪ್ಟರ್ ರಕ್ಷಣೆ, ಹುಡುಕಾಟದ ವೆಚ್ಚ, ತಾಯ್ನಾಡಿಗೆ ಮರಳಿಸುವ ವೆಚ್ಚ, ಎತ್ತರದ ಮಿತಿ, ಬೇರೆಯವರಿಗೆ ನಿಮ್ಮಿಂದ ಆಗುವ ಹಾನಿ ಈ ಐದು ಅಂಶಗಳನ್ನು ಬೇರೆಬೇರೆಯಾಗಿ ಪರಿಶೀಲಿಸಬೇಕು. ನ್ಯೂಜಿಲೆಂಡ್‌ನ ಅಪಘಾತ ಪರಿಹಾರ ಯೋಜನೆ ಅಲ್ಲಿ ಗಾಯಗೊಂಡ ಪ್ರವಾಸಿಗರ ಚಿಕಿತ್ಸೆಗೂ ನೆರವಾಗುತ್ತದೆಯಾದರೂ ಮನೆಗೆ ಮರಳುವ ಖರ್ಚನ್ನು ಕೊಡುವುದಿಲ್ಲ. ಅಮೆರಿಕದಲ್ಲಿ ವಿಮೆಯಿಲ್ಲದೆ ಆಸ್ಪತ್ರೆ ಸೇರಿದರೆ ಜೀವಮಾನದ ಉಳಿತಾಯವೇ ಕರಗಬಹುದು.

ಎತ್ತರದ ವಿಷಯದಲ್ಲಿ ಒರಟು ಧೈರ್ಯ ಸಲ್ಲದು. ಸುಮಾರು 2,500 ಮೀಟರ್‌ನಿಂದ ಮೇಲೆ ಯಾರಿಗಾದರೂ ಎತ್ತರದ ಕಾಯಿಲೆ ಬರಬಹುದು. ದೇಹದಾರ್ಢ್ಯ ಅದರಿಂದ ರಕ್ಷಿಸುವುದಿಲ್ಲ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸದಿರುವುದು, ಮೂರು ನಾಲ್ಕು ದಿನಗಳಿಗೊಮ್ಮೆ ಒಂದು ದಿನ ಏರದೆ ವಿಶ್ರಮಿಸುವುದು ವೈದ್ಯರು ಒಪ್ಪಿದ ಕ್ರಮ. ನೇಪಾಳದ ಥೊರಾಂಗ್ ಲಾ ಎಂಬ ಬೆಟ್ಟ ದಾಟುವ ದಾರಿಯ ಎತ್ತರ 5,416 ಮೀಟರ್. ಅಲ್ಲಿಗೆ ಬೈಕ್ ಹೊತ್ತು ಏರುವವರು ಇದೇ ಕ್ರಮವನ್ನು ಪಾಲಿಸಬೇಕು. ತಲೆನೋವಿನ ಜೊತೆಗೆ ನಡಿಗೆಯಲ್ಲಿ ತೂರಾಟ, ಮಾತಿನಲ್ಲಿ ಗೊಂದಲ ಅಥವಾ ವಿಶ್ರಾಂತಿಯಲ್ಲೂ ಏದುಸಿರು ಕಂಡರೆ ಆ ಕ್ಷಣವೇ ಕೆಳಗಿಳಿಯಬೇಕು. ಬೊಲಿವಿಯಾದ ಪ್ರಸಿದ್ಧ ಯುಂಗಾಸ್ ರಸ್ತೆಯ ಸವಾರಿ 4,600 ಮೀಟರ್‌ಗಿಂತ ಎತ್ತರದಲ್ಲಿ ಆರಂಭವಾಗುತ್ತದೆ. ವಾಹನದಲ್ಲಿ ಮೇಲೇರುವುದರಿಂದ ದೇಹಕ್ಕೆ ಹೊಂದಿಕೊಳ್ಳಲು ಸಮಯವೇ ಸಿಗುವುದಿಲ್ಲವೆಂಬುದನ್ನು ಅಲ್ಲಿಗೆ ಹೋಗುವವರು ಗಮನದಲ್ಲಿಡಬೇಕು.

ಹಂತ 7: ಮೊದಲ ದಿನವನ್ನು ನೆಲ ಅರಿಯಲು ಮೀಸಲಿಡಿ

ದೂರದ ವಿಮಾನ ಪ್ರಯಾಣದ ಮರುದಿನ ದೇಹದ ಪ್ರತಿಕ್ರಿಯೆ ನಿಧಾನವಾಗಿರುತ್ತದೆ. ಆ ದಿನ ಹಸಿರು ದರ್ಜೆಯ ಹಾದಿಯೊಂದನ್ನು ಆರಿಸಿಕೊಂಡು ಅದನ್ನೇ ಎರಡು ಮೂರು ಸಲ ಸುತ್ತಿ. ಮೊದಲ ಸುತ್ತಿನಲ್ಲಿ ನಿಧಾನವಾಗಿ ಹೋಗಿ, ಅಡೆತಡೆ ಕಂಡಲ್ಲಿ ಬೈಕಿನಿಂದಿಳಿದು ನಡೆದು ನೋಡಿ. ಎರಡನೆಯದರಲ್ಲಿ ನಿಲ್ಲದೆ ಸಾಗಿ. ಮೂರನೆಯದರಲ್ಲಿ ಮಾತ್ರ ವೇಗ ಹೆಚ್ಚಿಸಿ. ಜಿಗಿತಗಳಿರುವ ಹಾದಿಯಲ್ಲಿ ಈ ಕ್ರಮವನ್ನು ಎಂದಿಗೂ ಬಿಡಬೇಡಿ. ದಿಬ್ಬದ ಆಚೆ ಇಳಿಯುವ ಜಾಗ ಎಷ್ಟು ದೂರದಲ್ಲಿದೆ, ನಡುವೆ ಟೊಳ್ಳಿದೆಯೇ ಎಂಬುದು ಈಚೆಯಿಂದ ಕಾಣುವುದಿಲ್ಲ.

ನೆಲಕ್ಕೆ ತಕ್ಕಂತೆ ಸವಾರಿ ಬದಲಾಗಬೇಕು. ಮೋಆಬ್‌ನ ಸ್ಲಿಕ್‌ರಾಕ್ ಹಾದಿಯ ಮರಳುಗಲ್ಲು ಒಣಗಿದ್ದಾಗ ಟಯರನ್ನು ಅಚ್ಚರಿಯಾಗುವಷ್ಟು ಗಟ್ಟಿಯಾಗಿ ಹಿಡಿಯುವುದರಿಂದ, ಬೇರೆಡೆ ಅಸಾಧ್ಯವೆನಿಸುವ ಏರನ್ನೂ ಅಲ್ಲಿ ಏರಬಹುದು. ಹಾದಿಯನ್ನು ಬಂಡೆಯ ಮೇಲೆ ಬಳಿದ ಬಿಳಿ ಗೆರೆಗಳು ತೋರಿಸುತ್ತವೆ. ಅವು ತಪ್ಪಿದರೆ ಕಡಿದಾದ ಅಂಚಿನತ್ತ ಹೋಗಿಬಿಡಬಹುದು. ರೊಟೊರುವಾದ ಜ್ವಾಲಾಮುಖಿ ಮಣ್ಣು ನೀರನ್ನು ಬೇಗ ಬಸಿದುಬಿಡುವುದರಿಂದ ಮಳೆಯ ಮರುದಿನವೂ ಸವಾರಿಗೆ ಒದಗುತ್ತದೆ. ವ್ಯಾಂಕೂವರ್ ಬಳಿಯ ನಾರ್ತ್ ಶೋರ್‌ನಲ್ಲಿ ತೇವದ ಬೇರುಗಳೂ ಮರದ ಸೇತುವೆಗಳೂ ಹೆಚ್ಚು. ಒದ್ದೆ ಬೇರನ್ನು ಆದಷ್ಟು ಲಂಬ ಕೋನದಲ್ಲಿ ದಾಟಬೇಕು, ಅದರ ಮೇಲೆ ಬ್ರೇಕ್ ಹಿಡಿಯಬಾರದು, ಹ್ಯಾಂಡಲ್ ತಿರುಗಿಸಬಾರದು. ಸಡಿಲ ಜಲ್ಲಿಯ ಮೇಲೆ ತಿರುವಿಗೆ ಮುಂಚೆಯೇ ವೇಗ ಇಳಿಸಿ, ತಿರುವಿನೊಳಗೆ ಬ್ರೇಕ್ ಬಿಟ್ಟು ಚಕ್ರಗಳನ್ನು ಉರುಳಲು ಬಿಡಬೇಕು.

ಉದ್ದನೆಯ ಇಳಿಜಾರುಗಳಲ್ಲಿ ಬ್ರೇಕನ್ನು ಸತತವಾಗಿ ಒತ್ತಿ ಹಿಡಿದರೆ ಡಿಸ್ಕ್ ಕಾದು ಹಿಡಿತ ಸಡಿಲಾಗುತ್ತದೆ. ನೇರವಾದ ಕಡೆ ಗಟ್ಟಿಯಾಗಿ, ಸ್ವಲ್ಪ ಹೊತ್ತು ಮಾತ್ರ ಒತ್ತಿ ಬಿಡಿ. ಕೈಬೆರಳುಗಳು ಸೋತವೆನ್ನಿಸಿದರೆ ಹಾದಿಯಿಂದ ಪಕ್ಕಕ್ಕೆ ಸರಿದು ನಿಂತು ಸುಧಾರಿಸಿಕೊಳ್ಳಿ. ದಿನದ ಕೊನೆಯ ಸುತ್ತಿನಲ್ಲಿ, ದಣಿದ ಮೈಯಲ್ಲಿ ತಪ್ಪುಗಳಾಗುವುದೇ ಹೆಚ್ಚು. ಇನ್ನೊಂದೇ ಸುತ್ತು ಎಂಬ ಆಸೆ ಬಂದಾಗಲೇ ನಿಲ್ಲಿಸುವುದು ಜಾಣತನ.

ಹಂತ 8: ಹಾದಿಯ ಮೇಲಿನ ನಡವಳಿಕೆ

ಇಳಿಯುವವರು ಏರುವವರಿಗೆ ದಾರಿ ಬಿಡಬೇಕು. ಬೈಕ್ ಸವಾರರು ಪಾದಚಾರಿಗಳಿಗೂ ಕುದುರೆಗಳಿಗೂ ದಾರಿ ಬಿಡಬೇಕು. ಕುದುರೆ ಎದುರಾದರೆ ನಿಂತು, ಸವಾರರನ್ನು ಮೆಲ್ಲಗೆ ಮಾತನಾಡಿಸಿ. ಮನುಷ್ಯರ ದನಿ ಕೇಳಿದರೆ ಕುದುರೆ ಬೆದರುವುದು ಕಡಿಮೆ. ಇಳಿಜಾರಿಗೆ ಮಾತ್ರ ಮೀಸಲಾದ ಏಕಮುಖ ಹಾದಿಯ ಮಧ್ಯದಲ್ಲಿ ಎಂದೂ ನಿಲ್ಲಬಾರದು. ಹುಲ್ಲುಗಾವಲಿನ ಗೇಟು ತೆರೆದಿದ್ದರೆ ತೆರೆದಂತೆ, ಮುಚ್ಚಿದ್ದರೆ ಮುಚ್ಚಿದಂತೆ ಬಿಟ್ಟುಹೋಗಿ.

ಆಲ್ಪ್ಸ್‌ನಲ್ಲಿ ಕುರಿಮಂದೆಗಳನ್ನು ಕಾಯುವ ದೊಡ್ಡ ಬಿಳಿ ನಾಯಿಗಳು ವೇಗವಾಗಿ ಬರುವ ಬೈಕನ್ನು ಅಪಾಯವೆಂದು ತಿಳಿದು ಅಡ್ಡಗಟ್ಟುತ್ತವೆ. ದೂರದಲ್ಲೇ ಬೈಕಿನಿಂದಿಳಿದು, ಬೈಕನ್ನು ನಾಯಿಗೂ ನಿಮಗೂ ನಡುವೆ ಇಟ್ಟುಕೊಂಡು, ಮಂದೆಯನ್ನು ಬಳಸಿ ನಿಧಾನವಾಗಿ ನಡೆದು ಹೋಗಿ. ಬ್ರಿಟಿಷ್ ಕೊಲಂಬಿಯಾದಲ್ಲಿ ಕರಡಿಗಳಿರುವುದರಿಂದ, ಕಾಣದ ತಿರುವುಗಳಲ್ಲಿ ವೇಗ ತಗ್ಗಿಸಿ ಕೂಗುತ್ತ ಸಾಗಬೇಕು. ಕರಡಿ ಓಡಿಸುವ ಸ್ಪ್ರೇಯನ್ನು ವಿಮಾನದಲ್ಲಿ ತರುವಂತಿಲ್ಲ, ಅಲ್ಲಿಯೇ ಕೊಳ್ಳಿ.

ಹಾದಿಯನ್ನು ಬಿಟ್ಟು ಪಕ್ಕಕ್ಕೆ ಹೋಗಬಾರದೆಂಬ ನಿಯಮ ಮರುಭೂಮಿಯಲ್ಲಿ ಇನ್ನೂ ಕಟ್ಟುನಿಟ್ಟು. ಮೋಆಬ್ ಸುತ್ತಲಿನ ನೆಲದ ಮೇಲೆ ಸೂಕ್ಷ್ಮಜೀವಿಗಳು, ಪಾಚಿ ಮತ್ತು ಕಲ್ಲುಹೂವುಗಳು ಸೇರಿ ಕಟ್ಟಿದ ಕಪ್ಪಗಿನ ಪದರವೊಂದಿದ್ದು, ಮಣ್ಣು ಗಾಳಿಗೆ ಹಾರದಂತೆ ತಡೆದಿರುವುದು ಅದೇ. ಟಯರಿನ ಒಂದು ಗೆರೆ ಬಿದ್ದರೆ ಆ ಪದರ ಮತ್ತೆ ಬೆಳೆಯಲು ವರ್ಷಗಳು, ಕೆಲವೆಡೆ ದಶಕಗಳೇ ಹಿಡಿಯುತ್ತವೆ. ಕೆಸರಾದ ಹಾದಿಯಲ್ಲಿ ಸವಾರಿ ಮಾಡಿ ಅಗೆದ ಗಾಲಿಜಾಡು ಬಿಟ್ಟುಹೋಗುವುದೂ ಅಂಥದೇ ಹಾನಿ. ಬಹುತೇಕ ಹಾದಿಗಳನ್ನು ಕಾಪಾಡುತ್ತಿರುವವರು ಸಲಿಕೆ ಹಿಡಿದು ದುಡಿಯುವ ಸ್ಥಳೀಯ ಸ್ವಯಂಸೇವಕರು. ಅವರ ಸಂಘಕ್ಕೆ ಒಂದು ದಿನದ ಲಿಫ್ಟ್ ಟಿಕೆಟಿನಷ್ಟಾದರೂ ದೇಣಿಗೆ ಕೊಡಿ ಎಂದು ಎಲ್ಲ ಪ್ರವಾಸಿಗಳನ್ನೂ ಒತ್ತಾಯಿಸುತ್ತೇನೆ.

ಹಂತ 9: ಅವಘಡವಾದಾಗ

ಹೊರಡುವ ಮುಂಚೆ ಹಾದಿಯ ಹೆಸರು ಮತ್ತು ಮರಳುವ ಸಮಯವನ್ನು ವಸತಿಯವರಿಗೆ ಅಥವಾ ಸಂಗಡಿಗರಿಗೆ ಬರೆದು ಕೊಡಿ. ತುರ್ತು ಸಂಖ್ಯೆಗಳು ಹೀಗಿವೆ: ಯುರೋಪಿಯನ್ ಒಕ್ಕೂಟದ ಎಲ್ಲೆಡೆ 112, ಬ್ರಿಟನ್‌ನಲ್ಲಿ 999 ಅಥವಾ 112, ಅಮೆರಿಕ ಮತ್ತು ಕೆನಡಾದಲ್ಲಿ 911, ನ್ಯೂಜಿಲೆಂಡ್‌ನಲ್ಲಿ 111, ಆಸ್ಟ್ರೇಲಿಯಾದಲ್ಲಿ 000. ಸ್ವಿಟ್ಜರ್ಲೆಂಡ್‌ನಲ್ಲಿ ರೇಗಾ ವಾಯುರಕ್ಷಣಾ ಸಂಸ್ಥೆಯ ಸಂಖ್ಯೆ 1414. ಬ್ರಿಟನ್‌ನ ಬೆಟ್ಟಗಳಲ್ಲಿ ಕರೆ ಮಾಡಿದಾಗ ಮೊದಲು ಪೊಲೀಸರನ್ನು ಕೇಳಿ, ಆಮೇಲೆ ಪರ್ವತ ರಕ್ಷಣಾ ತಂಡವನ್ನು ಕೇಳಬೇಕು.

ಬಿದ್ದವರನ್ನು ಅವಸರದಿಂದ ಎಬ್ಬಿಸಬೇಡಿ. ಮೊದಲು ಒಬ್ಬರು ಹಾದಿಯ ಮೇಲ್ಗಡೆಗೆ ಹೋಗಿ ಹಿಂದಿನಿಂದ ಬರುವ ಸವಾರರನ್ನು ತಡೆಯಲಿ. ಕುತ್ತಿಗೆ ಅಥವಾ ಬೆನ್ನಿನಲ್ಲಿ ನೋವಿದ್ದರೆ ಅಲುಗಾಡಿಸದೆ ಬೆಚ್ಚಗೆ ಹೊದಿಸಿ ನೆರವಿಗೆ ಕಾಯಬೇಕು. ತಲೆಗೆ ಪೆಟ್ಟಾದ ಮೇಲೆ ಮರೆವು, ವಾಂತಿ, ಮಂಪರು, ಕೇಳಿದ್ದನ್ನೇ ಮತ್ತೆ ಕೇಳುವುದು ಇವುಗಳಲ್ಲಿ ಯಾವುದು ಕಂಡರೂ ಅಂದಿನ ಸವಾರಿ ಮುಗಿಯಿತೆಂದು ತಿಳಿದು ವೈದ್ಯರಲ್ಲಿಗೆ ಕರೆದೊಯ್ಯಿರಿ. ಒಮ್ಮೆ ಬಲವಾದ ಪೆಟ್ಟು ತಿಂದ ಹೆಲ್ಮೆಟ್ಟನ್ನು, ಹೊರಗೆ ಬಿರುಕು ಕಾಣದಿದ್ದರೂ, ಮತ್ತೆ ಧರಿಸಬಾರದು. ಫೋನ್ ಸಿಗದ ಕಡೆ ಆಲ್ಪ್ಸ್‌ನ ಅಪಾಯ ಸಂಕೇತವನ್ನು ಬಳಸಿ: ಒಂದು ನಿಮಿಷದಲ್ಲಿ ಆರು ಸಲ ಸೀಟಿ ಅಥವಾ ಬೆಳಕು, ಒಂದು ನಿಮಿಷ ಬಿಡುವು, ಮತ್ತೆ ಆರು. ಹೆಲಿಕಾಪ್ಟರ್ ಕಂಡಾಗ ಎರಡೂ ಕೈಗಳನ್ನು ಮೇಲಕ್ಕೆ ಚಾಚಿ ನಿಂತರೆ ನೆರವು ಬೇಕೆಂದು ಅರ್ಥ.

ಹಂತ 10: ಬೈಕ್ ತೊಳೆದು ಮುಂದಕ್ಕೆ ಹೊರಡಿ

ಒಂದು ದೇಶದ ಮಣ್ಣನ್ನು ಇನ್ನೊಂದಕ್ಕೆ ಒಯ್ಯಬಾರದು. ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾದ ಗಡಿಯಲ್ಲಿ ಬಳಸಿದ ಬೈಕ್, ಶೂ, ಹೊರಾಂಗಣ ಸಾಮಗ್ರಿಗಳನ್ನು ಕಡ್ಡಾಯವಾಗಿ ಘೋಷಿಸಬೇಕು. ಟಯರಿನ ಸಂದಿನಲ್ಲಿ ಮಣ್ಣೋ ಬೀಜವೋ ಅಂಟಿಕೊಂಡಿದ್ದರೆ ತಪಾಸಣೆ, ಶುಚಿಗೊಳಿಸುವಿಕೆ, ವಿಳಂಬ ತಪ್ಪಿದ್ದಲ್ಲ; ಘೋಷಿಸದೆ ಸಿಕ್ಕಿಬಿದ್ದರೆ ದಂಡ ಬೀಳುತ್ತದೆ. ನ್ಯೂಜಿಲೆಂಡ್‌ನ ಉತ್ತರ ಭಾಗದಲ್ಲಿ ಕೌರಿ ಮರಗಳನ್ನು ಕೊಲ್ಲುತ್ತಿರುವ ರೋಗ ಮಣ್ಣಿನ ಮೂಲಕವೇ ಹರಡುತ್ತಿರುವುದರಿಂದ, ಆ ಕಾಡುಗಳ ಪ್ರವೇಶದಲ್ಲಿ ಶೂ ಮತ್ತು ಚಕ್ರ ಶುಚಿಗೊಳಿಸುವ ಕೇಂದ್ರಗಳಿವೆ. ಅವನ್ನು ಒಳಹೋಗುವಾಗಲೂ ಹೊರಬರುವಾಗಲೂ ಬಳಸಬೇಕು.

ತೊಳೆಯುವಾಗ ಮೊದಲು ಒಣ ಬ್ರಷ್‌ನಿಂದ ಟಯರಿನ ಗೀಟುಗಳು, ಪೆಡಲ್‌ಗಳು, ಚೌಕಟ್ಟಿನ ಅಡಿಭಾಗ ಮತ್ತು ಶೂವಿನ ಅಟ್ಟೆಯಲ್ಲಿ ಅಂಟಿದ ಮಣ್ಣನ್ನು ಉದುರಿಸಿ. ಬಳಿಕ ಸೋಪಿನ ನೀರಿನಿಂದ ಉಜ್ಜಿ. ಒತ್ತಡದ ನೀರಿನ ಪೈಪನ್ನು ಬೇರಿಂಗ್‌ಗಳ ಮತ್ತು ಸಸ್ಪೆನ್ಷನ್ ಸೀಲ್‌ಗಳ ಹತ್ತಿರ ಹಿಡಿಯಬಾರದು, ನೀರು ಒಳಹೊಕ್ಕು ಗ್ರೀಸನ್ನು ತೊಳೆದುಬಿಡುತ್ತದೆ. ಬೈಕ್ ಪೂರ್ತಿ ಒಣಗಿದ ಮೇಲೆ ಚೈನಿಗೆ ಎಣ್ಣೆ ಹಾಕಿ, ಬ್ರೇಕ್ ಡಿಸ್ಕ್‌ಗೆ ಎಣ್ಣೆ ತಾಗದಂತೆ ನೋಡಿಕೊಂಡು ಪೆಟ್ಟಿಗೆಗೆ ಸೇರಿಸಿ. ಈ ಕೆಲಸಕ್ಕೆ ಕೊನೆಯ ದಿನದ ಮಧ್ಯಾಹ್ನವನ್ನು ಮೊದಲೇ ಬಿಡುವಾಗಿ ಇಟ್ಟುಕೊಳ್ಳಿ. ಒದ್ದೆ ಬೈಕನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಮನೆ ಸೇರುವ ಹೊತ್ತಿಗೆ ಚೈನು ಮತ್ತು ಬೋಲ್ಟುಗಳು ತುಕ್ಕು ಹಿಡಿದಿರುತ್ತವೆ.